ಕೋಡ್ ಬಾರದವರಿಗೂ ಅಲ್ಲೊಂದು ಮಣೆ



ಕಳೆದ ಸಂಚಿಕೆಯ ಬಳಿಕ ಬಂದ ಪತ್ರಗಳಲ್ಲಿ ಒಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಬರೆದವಳು ಕಲ್ಯಾಣದ ಕಡೆಯ ಹುಡುಗಿ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. "ಮನೆಯಲ್ಲಿ ಅಣ್ಣ ಎಂಜಿನಿಯರ್, ಅತ್ತಿಗೆ ಎಂಜಿನಿಯರ್, ಮಾವನ ಮಕ್ಕಳೆಲ್ಲ ಕಂಪ್ಯೂಟರಿನವರು. ನಾನೊಬ್ಬಳೇ ಇಂಗ್ಲಿಷ್ ಬಿ.ಎ. ಗಣೇಶನ ಹಬ್ಬಕ್ಕೆ ಎಲ್ಲರೂ ಸೇರಿದಾಗ ನನಗೆ ಬರುವ ಪ್ರಶ್ನೆ ಒಂದೇ, ಮುಂದೇನು? ಆ ಸಾಫ್ಟ್‌ವೇರ್ ಲೋಕದಲ್ಲಿ ನನ್ನಂಥವರಿಗೂ ಏನಾದರೂ ಜಾಗ ಇದೆಯೇ ಆಂಟಿ?" ಇಷ್ಟೇ ಅವಳ ಪತ್ರ.

ನಾನೂ ಇಂಗ್ಲಿಷ್ ಬಿ.ಎ.ಯವಳೇ. ನಮ್ಮ ಕಾಲದಲ್ಲಿ ಆ ಪದವಿಯ ಮುಂದೆ ಮೂರು ಬಾಗಿಲು ಕಾಣುತ್ತಿದ್ದವು: ಶಾಲೆಯಲ್ಲಿ ಟೀಚರ್, ಬ್ಯಾಂಕಿನ ಪರೀಕ್ಷೆ, ಇಲ್ಲವೇ ಮದುವೆ. ಮೂರನೆಯ ಬಾಗಿಲಿನಿಂದ ಒಳಬಂದು ಮೂವತ್ತು ವರ್ಷಗಳಾದವು. ಹಾಗಾಗಿ ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ನನಗೂ ಸ್ವಲ್ಪ ಸ್ವಾರ್ಥವಿತ್ತು ಎನ್ನಿ.

ಜಾಗ ಇದೆ ಮಗಳೇ. ಅದಕ್ಕೆ ಟೆಕ್ನಿಕಲ್ ರೈಟರ್ ಎಂದು ಹೆಸರು. ತಾಂತ್ರಿಕ ಬರಹಗಾರ್ತಿ ಎಂದರೆ ಕೇಳಲು ಕೊಂಚ ಗಡುಸು, ಆದರೆ ಕೆಲಸ ನಮಗೆಲ್ಲ ಪರಿಚಯವಿರುವಂಥದೇ. ಹೊಸ ಮಿಕ್ಸಿ ಕೊಂಡಾಗ ಜೊತೆಗೊಂದು ಪುಸ್ತಿಕೆ ಬರುತ್ತದಲ್ಲ, ಅದನ್ನು ಯಾರೋ ಕುಳಿತು ಬರೆದಿರುತ್ತಾರೆ. ಸಾಫ್ಟ್‌ವೇರಿಗೂ ಅಂಥ ಕೈಪಿಡಿ ಬೇಕು. ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆ, ಮೊದಲ ದಿನ ಏನು ಮಾಡಬೇಕು, ಕೆಂಪಕ್ಷರದಲ್ಲಿ ಏನೋ ಬಂದು ನಿಂತರೆ ಮುಂದೇನು, ಇದನ್ನೆಲ್ಲ ತಿಳಿಯುವ ಭಾಷೆಯಲ್ಲಿ ಹೇಳುವವರು ಬೇಕು. ದೊಡ್ಡ ಕಂಪನಿಗಳು ಇದಕ್ಕೆ ಸಂಬಳ ಕೊಟ್ಟು ಜನರನ್ನು ಇಟ್ಟುಕೊಳ್ಳುತ್ತವೆ. ಆದರೆ ಹೊಸಬರನ್ನು ಕೇಳುವ ಮೊದಲ ಮಾತು, "ಈ ಹಿಂದೆ ಬರೆದದ್ದು ಏನಿದೆ, ತೋರಿಸಿ." ಕೆಲಸವಿಲ್ಲದೆ ಮಾದರಿ ಎಲ್ಲಿಂದ ಬರಬೇಕು, ಮಾದರಿಯಿಲ್ಲದೆ ಕೆಲಸ ಯಾರು ಕೊಡಬೇಕು! ಈ ಗಂಟು ಬಿಡಿಸುವುದಕ್ಕೆ ಒಂದು ದಾರಿ ಮುಕ್ತ ತಂತ್ರಾಂಶ, ಅಂದರೆ ಓಪನ್ ಸೋರ್ಸ್.

ನಿಮ್ಮಲ್ಲಿ ಹಲವರಿಗೆ ಇದು ಗೊತ್ತು, ಗೊತ್ತಿಲ್ಲದವರಿಗಾಗಿ ಎರಡು ಮಾತು. ಸಾಮಾನ್ಯವಾಗಿ ಸಾಫ್ಟ್‌ವೇರ್ ಎಂದರೆ ಬೀಗ ಹಾಕಿದ ಪೆಟ್ಟಿಗೆ. ಮುಕ್ತ ತಂತ್ರಾಂಶಕ್ಕೆ ಬೀಗವಿಲ್ಲ. ಅದರ ಒಳಗನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಬರೆದು ಹಂಚಿದರು. ಓಪನ್ ಸೋರ್ಸ್ ಎಂಬ ಹೆಸರು ಬಂದದ್ದು 1998ರಲ್ಲಿ. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದು ಅದೇ ಲಿನಕ್ಸ್ ತಿರುಳು. ಸಿನಿಮಾ ನೋಡುವ ವಿಎಲ್‌ಸಿ, ಜಾಲ ನೋಡುವ ಫೈರ್‌ಫಾಕ್ಸ್, ಕಾಗದಪತ್ರ ಬರೆಯುವ ಲಿಬ್ರೆ ಆಫೀಸ್, ಇವೆಲ್ಲ ಇದೇ ಕುಲದವು.

ಸ್ಟಾಲ್‌ಮನ್ ಇನ್ನೊಂದು ಮಾತನ್ನೂ ಪಟ್ಟುಹಿಡಿದು ಹೇಳುತ್ತಾ ಬಂದವರು. ತಂತ್ರಾಂಶ ಮುಕ್ತವಾದರೆ ಸಾಲದು, ಅದರ ಕೈಪಿಡಿಯೂ ಮುಕ್ತವಾಗಿರಬೇಕು. ಯಂತ್ರ ತಿದ್ದಿದವನಿಗೆ ಪುಸ್ತಿಕೆ ತಿದ್ದುವ ಹಕ್ಕಿಲ್ಲದಿದ್ದರೆ ಏನು ಪ್ರಯೋಜನ? ಅದಕ್ಕಾಗಿ ಅವರ ಸಂಸ್ಥೆ 2000ದಲ್ಲಿ ಕೈಪಿಡಿಗಳಿಗೆಂದೇ ಒಂದು ಪರವಾನಗಿಯನ್ನು ಹೊರತಂದಿತು. ಮುಂದಿನ ವರ್ಷ ಹುಟ್ಟಿದ ವಿಕಿಪೀಡಿಯ ಅದನ್ನೇ ಎತ್ತಿಕೊಂಡು 2009ರವರೆಗೂ ಅದರ ಆಸರೆಯಲ್ಲೇ ನಡೆಯಿತು. 2003ರಲ್ಲಿ ಕಣ್ಣುಬಿಟ್ಟ ನಮ್ಮ ಕನ್ನಡ ವಿಕಿಪೀಡಿಯಕ್ಕೂ ಮೊದಲ ಆರು ವರ್ಷ ಅದೇ ಪರವಾನಗಿ. ಸಾಫ್ಟ್‌ವೇರ್ ಪುಸ್ತಿಕೆಗೆಂದು ಹೊಲಿಸಿದ ಅಂಗಿ ಒಂದು ವಿಶ್ವಕೋಶಕ್ಕೆ ಸರಿಹೊಂದಿತು ನೋಡಿ!

ಇಷ್ಟಾದರೂ ಕೈಪಿಡಿ ಬರೆಯುವವರು ಕಡಿಮೆ. 2017ರಲ್ಲಿ ಗಿಟ್‌ಹಬ್ ಸಂಸ್ಥೆ ಮುಕ್ತ ತಂತ್ರಾಂಶದ ಸುಮಾರು 5,500 ಜನರನ್ನು ಕೇಳಿ ಒಂದು ಸಮೀಕ್ಷೆ ಮಾಡಿತು. ಕೈಪಿಡಿ ಅರ್ಧಂಬರ್ಧ ಇದೆ ಅಥವಾ ಹಳತಾಗಿದೆ, ಇದೊಂದು ದೊಡ್ಡ ತೊಂದರೆ ಎಂದವರು ಶೇಕಡಾ 93. ಆದರೆ ಅದಕ್ಕೆ ತಾವು ಕೈಹಾಕುವುದು ಅಪರೂಪ, ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡವರು ಶೇಕಡಾ 60. ನಮ್ಮ ಹೌಸಿಂಗ್ ಸೊಸೈಟಿಯ ಸಭೆಯ ಹಾಗೆಯೇ. ಟಾಂಕಿ ಸೋರುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ, ಏಣಿ ಹತ್ತುವವರಿಲ್ಲ.

ಕೋಡ್ ಬರೆದವರೇ ಕೈಪಿಡಿಯನ್ನೂ ಬರೆಯಬಹುದಲ್ಲ ಎಂದು ನೀವು ಕೇಳಬಹುದು. ಬರೆಯುತ್ತಾರೆ. ಆದರೆ ಚೆನ್ನಾಗಿ ಬಲ್ಲವರಿಗೆ ತಾವು ಏನನ್ನು ಬಲ್ಲೆವು ಎಂಬುದೇ ಮರೆತುಹೋಗಿರುತ್ತದೆ. ನನ್ನ ಅತ್ತೆ ಪತ್ರೊಡೆ ಮಾಡುವ ಕ್ರಮ ಹೇಳುವಾಗ, "ಅಕ್ಕಿ ನೆನೆಸು, ಮಸಾಲೆ ಹಾಕಿ ರುಬ್ಬು, ಎಲೆಗೆ ಹಚ್ಚು, ಸುತ್ತು, ಬೇಯಿಸು" ಎಂದು ಮುಗಿಸುತ್ತಿದ್ದರು. ಹುಳಿಯ ಮಾತೇ ಇಲ್ಲ. ಹುಣಸೆಹುಳಿ ಬೀಳದಿದ್ದರೆ ಕೆಸುವಿನೆಲೆ ಗಂಟಲು ತುರಿಸುತ್ತದೆ ಎಂಬುದು ಊರಿನಲ್ಲಿ ಹುಟ್ಟಿ ಬೆಳೆದ ಅವರಿಗೆ ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ. ಮುಂಬಯಿಯಲ್ಲಿ ಹುಟ್ಟಿದ ನನ್ನ ಮಗಳಿಗೆ ಅದನ್ನು ಹೇಳಲೇಬೇಕು. ಸಾಫ್ಟ್‌ವೇರ್ ಕೈಪಿಡಿಗಳಲ್ಲಿ ಬಿಟ್ಟುಹೋಗುವುದೂ ಇಂಥ ಹುಳಿಯೇ. ಅದು ಬಿಟ್ಟುಹೋಗಿದೆ ಎಂದು ಕಂಡುಹಿಡಿಯಲು ಏನೂ ತಿಳಿಯದ, ಆದರೆ ಸಂಕೋಚವಿಲ್ಲದೆ ಪ್ರಶ್ನೆ ಕೇಳುವ ಒಬ್ಬರು ಬೇಕು. ಅಜ್ಞಾನಕ್ಕೆ ಇಷ್ಟು ಮರ್ಯಾದೆ ಸಿಗುವ ಬೇರೆ ಉದ್ಯೋಗ ನನಗಂತೂ ಕಂಡಿಲ್ಲ.

ಇದನ್ನು ಶಾಸ್ತ್ರೋಕ್ತವಾಗಿ ಮಾಡಿ ತೋರಿಸಿದವರು ನಮ್ಮ ಮುಂಬಯಿಯಲ್ಲೇ ಇದ್ದಾರೆ. ಪೊವಾಯಿಯ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ ಕೇಂದ್ರ ಸರಕಾರದ ಶಿಕ್ಷಣ ಯೋಜನೆಯೊಂದರ ನೆರವಿನಿಂದ 'ಸ್ಪೋಕನ್ ಟ್ಯುಟೋರಿಯಲ್' ಎಂಬ ಕೆಲಸ ಬೆಳೆಯಿತು. ಲಿನಕ್ಸ್, ಲಿಬ್ರೆ ಆಫೀಸ್, ಸೈಲ್ಯಾಬ್, ಲೇಟೆಕ್, ಪೈಥಾನ್, ಹೀಗೆ ಒಂದೊಂದು ಮುಕ್ತ ತಂತ್ರಾಂಶವನ್ನೂ ಸುಮಾರು ಹತ್ತು ಹತ್ತು ನಿಮಿಷದ ಪಾಠಗಳಾಗಿ ಒಡೆದು, ಪರದೆಯ ಮೇಲೆ ಮಾಡಿ ತೋರಿಸುತ್ತಾ ಮಾತಿನಲ್ಲಿ ವಿವರಿಸುವುದು. ಮೇಷ್ಟ್ರು ಇಲ್ಲದ ಹಳ್ಳಿಯ ಕಾಲೇಜಿನ ಹುಡುಗನೂ ಒಂದು ಕಡೆ ಪಾಠ, ಇನ್ನೊಂದು ಕಡೆ ತಂತ್ರಾಂಶ ತೆರೆದಿಟ್ಟುಕೊಂಡು ತಾನೇ ಕಲಿಯಬೇಕು ಎಂಬುದು ಉದ್ದೇಶ.

ನನಗೆ ಹಿಡಿಸಿದ್ದು ಅವರು ಪಾಠ ಬರೆಯುವ ಕ್ರಮ. ಮೊದಲು ಒಂದು ರೂಪರೇಖೆ. ಬಳಿಕ ಎರಡು ಅಂಕಣದ ಬರಹ, ಒಂದರಲ್ಲಿ ಪರದೆಯ ಮೇಲೆ ಏನು ಕಾಣಬೇಕು, ಪಕ್ಕದಲ್ಲಿ ಆಗ ಏನು ಹೇಳಬೇಕು. ವಾಕ್ಯಗಳು ಚಿಕ್ಕವಾಗಿರಬೇಕು. ಬರೆದಾದ ಮೇಲೆ ಆ ವಿಷಯ ಗೊತ್ತಿಲ್ಲದ ಒಬ್ಬ ಹೊಸಬರ ಕೈಗೆ ಕೊಡುತ್ತಾರೆ. ಅವರು ಬರೆದದ್ದನ್ನು ಬರೆದ ಹಾಗೆಯೇ ಮಾಡಿ ನೋಡಬೇಕು. ಎಲ್ಲಿ ತಡವರಿಸಿದರೋ ಅಲ್ಲಿ ತಪ್ಪು ಹೊಸಬರದಲ್ಲ, ಬರಹದ್ದು. ತಿದ್ದಿದ ಬಳಿಕವೇ ಧ್ವನಿಮುದ್ರಣ, ಆಮೇಲೆ ವಿಷಯ ತಿಳಿದವರ ಪರಿಶೀಲನೆ. ಹತ್ತು ನಿಮಿಷದ ಪಾಠಕ್ಕೆ ಇಷ್ಟು ಪರೀಕ್ಷೆ! ನಮ್ಮ ಪಠ್ಯಪುಸ್ತಕಗಳಿಗೂ ಹೀಗೆ ಒಬ್ಬ ಹೊಸಬರ ಪರೀಕ್ಷೆ ಇದ್ದಿದ್ದರೆ ಎಷ್ಟು ಮಕ್ಕಳ ಕಣ್ಣೀರು ಉಳಿಯುತ್ತಿತ್ತೋ ಏನೋ.

ಇಂಗ್ಲಿಷಿನಲ್ಲಿ ಸಿದ್ಧವಾದ ಪಾಠಗಳಿಗೆ ಕನ್ನಡವೂ ಸೇರಿದಂತೆ ನಮ್ಮ ದೇಶದ ಭಾಷೆಗಳಲ್ಲಿ ಧ್ವನಿ ಕೂಡಿಸುತ್ತಾರೆ. ಇಲ್ಲೊಂದು ಜಾಣತನವಿದೆ. ಮಾತು ಮಾತ್ರ ಕನ್ನಡ, ಪರದೆ ಇಂಗ್ಲಿಷಿನದೇ. ನಾಳೆ ಕೆಲಸಕ್ಕೆ ಹೋದಲ್ಲಿ ಕಾಣುವುದು ಇಂಗ್ಲಿಷ್ ಪರದೆಯೇ ಆದ್ದರಿಂದ ಕಣ್ಣಿಗೆ ಅದು ರೂಢಿಯಾಗಲಿ, ಅರ್ಥ ಮಾತ್ರ ಮನೆಯ ಭಾಷೆಯಲ್ಲಿ ಇಳಿಯಲಿ ಎಂಬ ಲೆಕ್ಕ. ಕೆಲವು ಕನ್ನಡಾಭಿಮಾನಿಗಳಿಗೆ ಇದು ಅರೆಮನಸ್ಸಿನ ಕೆಲಸವೆನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಅಂದ ಹಾಗೆ, ಕನ್ನಡ ಮಾತಾಡಲು ಬಂದೂ ಓದಲು ಬಾರದ ನಿಮ್ಮಂಥ ಮಕ್ಕಳಿಗೆ (ಈ ಅಂಕಣವನ್ನು ಅಮ್ಮನಿಂದ ಓದಿಸಿಕೊಂಡು ಕೇಳುವವರಿದ್ದಾರೆಂದು ನನಗೆ ಗೊತ್ತು!) ಇಂಥ ಧ್ವನಿಪಾಠ ಕೇಳಿ ಅರ್ಥಮಾಡಿಕೊಳ್ಳಲು ಏನೂ ಅಡ್ಡಿಯಿಲ್ಲ.

ಐಐಟಿಯದೇ ಇನ್ನೊಂದು ಯೋಜನೆ ಫಾಸ್ಸಿ. ಅಲ್ಲಿ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳನ್ನು ವಿದ್ಯಾರ್ಥಿಗಳು ಮುಕ್ತ ತಂತ್ರಾಂಶದಲ್ಲಿ ಮತ್ತೆ ಮಾಡಿಕೊಟ್ಟರೆ ಗೌರವಧನ ಕೊಡುವ ಪದ್ಧತಿ ಬೆಳೆದುಬಂತು. ಗೂಗಲ್ ಸಂಸ್ಥೆಯೂ 2019ರಲ್ಲಿ ಬರಹಗಾರರನ್ನೂ ಮುಕ್ತ ತಂತ್ರಾಂಶ ತಂಡಗಳನ್ನೂ ಒಟ್ಟುಗೂಡಿಸಿ ಕೈಪಿಡಿಗಾಗಿಯೇ ಹಣ ಕೊಡುವ ಒಂದು ಯೋಜನೆಯನ್ನು ಆರಂಭಿಸಿತ್ತು. ಅಂದರೆ ಈ ಕೆಲಸಕ್ಕೆ ಬೆಲೆಯಿದೆ ಎಂದು ತಿಳಿದವರಿಗೆ ತಿಳಿದಿದೆ.

ಕನ್ನಡಕ್ಕೆ ಬರೋಣ. ತಂತ್ರಾಂಶದ ಪರದೆಯನ್ನೇ ಕನ್ನಡಕ್ಕೆ ತರುವ ಕೆಲಸವೂ ನಡೆದಿದೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಮೊದಲಾದವು ಕನ್ನಡದಲ್ಲಿ ಸಿಗುತ್ತವೆ. ಇದು ಸುಲಭವೆಂದು ತಿಳಿಯಬೇಡಿ. ತಂತ್ರಾಂಶದ ಒಳಗೆ ವಾಕ್ಯಗಳು 'ಬಿಟ್ಟ ಸ್ಥಳ ತುಂಬಿರಿ' ಎಂಬ ಹಾಗೆ ಇರುತ್ತವೆ. ಇಂಥವರಿಗೆ ಸಂದೇಶ ಕಳುಹಿಸಲಾಗಿದೆ ಎಂಬುದು ಒಂದು ವಾಕ್ಯ ಎಂದಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ 'ಟು' ಎಂದು ಬರೆದು ಮುಂದೆ ಖಾಲಿ ಬಿಟ್ಟರೆ ಆಯಿತು, ಯಾವ ಹೆಸರು ಬಂದರೂ ಕೂರುತ್ತದೆ. ಕನ್ನಡದಲ್ಲಿ? ಸೀತೆ ಬಂದರೆ 'ಸೀತೆಗೆ', ಅಪ್ಪ ಬಂದರೆ 'ಅಪ್ಪನಿಗೆ', ಮಗು ಬಂದರೆ 'ಮಗುವಿಗೆ'. ಪ್ರತ್ಯಯವನ್ನು ಮೊದಲೇ ಬರೆದಿಟ್ಟರೆ 'ಅಪ್ಪಗೆ', 'ಮಗುಗೆ' ಎಂದು ಪರದೆ ತೊದಲುತ್ತದೆ. ನಿಮ್ಮಲ್ಲಿ ಕೆಲವರು ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಆಗುವ ಹಾಗೆ! ಬಲ್ಲವರು ಉಪಾಯ ಕಂಡುಕೊಳ್ಳುತ್ತಾರೆ. 'ಸಂದೇಶ ಕಳುಹಿಸಲಾಗಿದೆ' ಎಂದು ಮುಗಿಸಿ, ಎರಡು ಚುಕ್ಕಿ ಇಟ್ಟು, ಹೆಸರನ್ನು ಕೊನೆಗೆ ಹಾಕುತ್ತಾರೆ. ಪ್ರತ್ಯಯದ ತಂಟೆಯೇ ಇಲ್ಲ. ಹಾಗೆಯೇ ಯಾರೋ ಗುಂಪಿಗೆ ಸೇರಿದರು ಎಂದು ತಿಳಿಸಬೇಕಾದಾಗ ಅವರು ಗಂಡೋ ಹೆಣ್ಣೋ ಕಂಪ್ಯೂಟರಿಗೆ ಗೊತ್ತಿಲ್ಲ. 'ಸೇರಿದನು', 'ಸೇರಿದಳು' ಎರಡೂ ಅಪಾಯ. ಬಹುವಚನದ 'ಸೇರಿದರು' ಹಾಕಿದರೆ ವ್ಯಾಕರಣವೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಇಂಥ ಉಪಾಯಗಳು ಕೋಡ್ ಕಲಿತವರಿಗಿಂತ ಭಾಷೆಯ ಮೇಲೆ ಕಣ್ಣಿಟ್ಟವರಿಗೆ ಬೇಗ ಹೊಳೆಯುತ್ತವೆ.

ಪದಗಳ ಜಗಳವಂತೂ ಮುಗಿಯುವಂಥದಲ್ಲ. ಫೈಲ್ ಎಂಬುದಕ್ಕೆ 'ಕಡತ' ಎಂದು ಹಾಕಿದ್ದಾರೆ. ವಿಧಾನಸೌಧದಲ್ಲಿ ಕೆಲಸ ಮಾಡಿದವರಿಗೆ ಅದು ಪರಿಚಿತ ಪದ, ಮುಂಬಯಿಯ ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೆ ಅಲ್ಲ. ಓದುವವರು ದಿನವೂ ಬಾಯಲ್ಲಿ ಆಡುವ ಪದವಿದ್ದರೆ ಅದು ಇಂಗ್ಲಿಷಿನಿಂದ ಬಂದದ್ದಾದರೂ ಇರಲಿ ಎಂಬ ಪಕ್ಷ ನನ್ನದು. 'ಉಳಿಸು' ಚೆನ್ನಾಗಿದೆ, ಇಟ್ಟುಕೊಳ್ಳೋಣ. ಮೌಸನ್ನು ಇಲಿ ಮಾಡುವುದು ಬೇಡ.

ಈ ವಿಷಯದಲ್ಲಿ ಮುಂಬಯಿ ಕನ್ನಡಿಗರು ಹಿಂದೆ ಬಿದ್ದವರಲ್ಲ ಎಂಬುದು ನಿಮಗೆ ತಿಳಿದಿರಲಿ. ನೀವು ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವಾಗ 'ನುಡಿ' ಕೀಲಿಮಣೆ ಬಳಸುತ್ತಿದ್ದರೆ ಅದರ ಬೇರು ಇರುವುದು ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿ, ಅದನ್ನು ಎಲ್ಲರೂ ಬಳಸಲು ಬಿಟ್ಟುಕೊಟ್ಟರು. ತಾವು ರಚಿಸಿದ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನ 'ಸೇಡಿಯಾಪು'. ಇನ್ನೊಬ್ಬರು ಡಾ. ಯು.ಬಿ. ಪವನಜ. ಟ್ರಾಂಬೆಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದಾಗಲೇ, 1996ರಲ್ಲಿ, ಅಂತರಜಾಲದ ಮೊದಲ ಕನ್ನಡ ಪತ್ರಿಕೆ 'ವಿಶ್ವಕನ್ನಡ'ವನ್ನು ಆರಂಭಿಸಿದರು. ಕಂಪ್ಯೂಟರಿನ ಸಂಗತಿಗಳನ್ನು ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಬರೆಯುತ್ತಾ ಬಂದವರೂ ಅವರೇ. ಇವರ ಜೊತೆಗೆ ವಿ. ಕೃಷ್ಣ ಅವರ ಹೆಸರನ್ನೂ ಹೇಳಬೇಕು. ಒಬ್ಬರೇ ಕುಳಿತು ಸುಮಾರು ನಾಲ್ಕು ದಶಕ ದುಡಿದು ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಕಟ್ಟಿದರು. 2019ರಲ್ಲಿ 'ಅಲರ್' ಎಂಬ ಹೆಸರಿನಲ್ಲಿ ಅದು ಮುಕ್ತ ಪರವಾನಗಿಯಡಿ ಎಲ್ಲರ ಪಾಲಿಗೆ ತೆರೆದುಕೊಂಡಿತು. ಇಲ್ಲಿ ಕೋಡ್ ಕಡಿಮೆ, ಭಾಷೆ ಹೆಚ್ಚು.

ಇನ್ನು ಆರಂಭಿಸುವುದು ಹೇಗೆ? ನನ್ನ ತಂಗಿಯ ಮಗಳು ಡೊಂಬಿವಲಿಯವಳು, ಇವಳೂ ಬಿ.ಎ. ಅವಳು ಮಾಡಿದ್ದನ್ನೇ ಹೇಳುತ್ತೇನೆ. ತಾನು ದಿನವೂ ಬಳಸುತ್ತಿದ್ದ ಒಂದು ಸಣ್ಣ ಮುಕ್ತ ತಂತ್ರಾಂಶವನ್ನು ಆರಿಸಿಕೊಂಡಳು. ಇದು ಮುಖ್ಯ. ದೊಡ್ಡ ಹೆಸರಿನ ಹಿಂದೆ ಓಡಲಿಲ್ಲ. ಅದನ್ನು ಕಂಪ್ಯೂಟರಿನಿಂದ ಪೂರ್ತಿ ತೆಗೆದುಹಾಕಿ, ಕೈಪಿಡಿಯಲ್ಲಿ ಹೇಳಿದಂತೆ ಒಂದೊಂದೇ ಹೆಜ್ಜೆ ಅನುಸರಿಸಿ ಮತ್ತೆ ಹಾಕಿಕೊಳ್ಳಲು ಕುಳಿತಳು. ಎಲ್ಲೆಲ್ಲಿ ಸಿಕ್ಕಿಬಿದ್ದಳೋ ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಐದು ಕಡೆ ಸಿಕ್ಕಿಬಿದ್ದಿದ್ದಳು. ಒಂದು ಕಡೆಯಂತೂ ಕೈಪಿಡಿಯಲ್ಲಿ ಹೇಳಿದ ಗುಂಡಿಯೇ ಈಗಿನ ಆವೃತ್ತಿಯಲ್ಲಿ ಇರಲಿಲ್ಲ.

ಇಂಥ ಯೋಜನೆಗಳ ಕಡತಗಳೆಲ್ಲ ಗಿಟ್‌ಹಬ್‌ನಂಥ ತಾಣಗಳಲ್ಲಿ ಇರುತ್ತವೆ. ಪ್ರತಿ ಯೋಜನೆಯ ಬಾಗಿಲಲ್ಲೂ 'ರೀಡ್‌ಮಿ' ಎಂಬ ಒಂದು ಬರಹ, ಹಲವು ಕಡೆ ಹೊಸದಾಗಿ ಸೇರುವವರಿಗೆಂದು ಇನ್ನೊಂದು ನಿಯಮಗಳ ಬರಹ. ಅದನ್ನು ಮೊದಲು ಓದಬೇಕು. ಬಾಕಿ ಕೆಲಸಗಳ ಪಟ್ಟಿಯಲ್ಲಿ 'ಹೊಸಬರಿಗೆ ಒಳ್ಳೆಯದು' ಎಂದೋ 'ಕೈಪಿಡಿಗೆ ಸಂಬಂಧಿಸಿದ್ದು' ಎಂದೋ ಚೀಟಿ ಅಂಟಿಸಿರುವುದೂ ಉಂಟು. ಮೂಲದ ಒಂದು ಪ್ರತಿಯನ್ನು ನಮ್ಮ ಖಾತೆಗೆ ತೆಗೆದುಕೊಂಡು, ಅದರಲ್ಲಿ ತಿದ್ದಿ, "ಇದನ್ನು ಒಪ್ಪಿಸಿಕೊಳ್ಳಿ" ಎಂದು ಅರಿಕೆ ಕಳುಹಿಸಬೇಕು. ಅದಕ್ಕೆ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ಯೋಜನೆ ನಡೆಸುವವರು ಓದಿ, ಪ್ರಶ್ನೆ ಕೇಳಿ, ಸರಿಯೆನಿಸಿದರೆ ಸೇರಿಸುತ್ತಾರೆ. ಬರೆಯುವುದು ಮಾರ್ಕ್‌ಡೌನ್ ಎಂಬ ಸರಳ ಕ್ರಮದಲ್ಲಿ, ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ನಮ್ಮ ಹುಡುಗಿಯ ಮೊದಲ ಅರಿಕೆ ಮೂರು ಸಲ ಹಿಂದಕ್ಕೆ ಬಂತು. "ಇದು ವಿಂಡೋಸಿಗೆ ಸರಿ, ಲಿನಕ್ಸಿಗೆ?" ಎಂದು ಕೇಳಿದರು. "ವಾಕ್ಯ ಉದ್ದವಾಯಿತು" ಎಂದರು. ನಾಲ್ಕನೆಯ ಸಲ ಒಪ್ಪಿದರು. "ದೊಡ್ಡಮ್ಮಾ, ಕಾಲೇಜಿನಲ್ಲಿ ಮೂರು ವರ್ಷ ಯಾರೂ ನನ್ನ ಇಂಗ್ಲಿಷನ್ನು ಇಷ್ಟು ಗಮನವಿಟ್ಟು ಓದಿರಲಿಲ್ಲ" ಎಂದಳು.

ಒಂದು ಎಚ್ಚರಿಕೆಯ ಮಾತು. 2020ರ ಅಕ್ಟೋಬರಿನಲ್ಲಿ ಡಿಜಿಟಲ್ ಓಷನ್ ಎಂಬ ಕಂಪನಿ ಪ್ರತಿವರ್ಷದಂತೆ ಒಂದು ಉತ್ಸವ ನಡೆಸಿತ್ತು. ನಾಲ್ಕು ತಿದ್ದುಪಡಿ ಕಳುಹಿಸಿದವರಿಗೆ ಟೀ ಶರ್ಟು. ಆ ಟೀ ಶರ್ಟಿನ ಆಸೆಗೆ ಸಾವಿರಾರು ಜನ, ಅದರಲ್ಲಿ ನಮ್ಮ ದೇಶದವರೂ ಬಹಳ, ಯಾರದೋ ಯೋಜನೆಯ ರೀಡ್‌ಮಿಯಲ್ಲಿ 'ಅದ್ಭುತ ಯೋಜನೆ' ಎಂಬಂಥ ಎರಡು ಪದ ಸೇರಿಸಿ ಕಳುಹಿಸತೊಡಗಿದರು. ಪುಕ್ಕಟೆಯಾಗಿ ದುಡಿಯುತ್ತಿದ್ದ ಆ ಯೋಜನೆಗಳ ಜನ ಈ ಕಸ ಗುಡಿಸುವುದರಲ್ಲೇ ಸುಸ್ತಾದರು. ಕೆಲವೇ ದಿನಗಳಲ್ಲಿ ಕಂಪನಿ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಉತ್ಸವವನ್ನು ಸೀಮಿತಗೊಳಿಸಬೇಕಾಯಿತು. ಕೈಪಿಡಿ ತಿದ್ದುವುದು ಸುಲಭವೆಂದು ತಿಳಿದು ಅದರ ಮೇಲೆ ಬೀಳುವವರಿಂದ ನಿಜವಾಗಿ ದುಡಿಯುವ ಹೊಸಬರ ಮೇಲೂ ಅನುಮಾನ ಹುಟ್ಟುತ್ತದೆ. ನೀವು ಆ ಗುಂಪಿನಲ್ಲಿ ಸೇರಬೇಡಿ.

ಈಗ ಎಐ ಎಲ್ಲ ಬರೆದುಕೊಡುತ್ತದಲ್ಲ ಎನ್ನುವವರಿಗೂ ಒಂದು ಮಾತು. ಬರೆದುಕೊಡುತ್ತದೆ, ಚಂದವಾಗಿಯೇ ಬರೆಯುತ್ತದೆ. ಇಲ್ಲದ ಗುಂಡಿಯನ್ನು ಒತ್ತಿ ಎಂದು ಅಷ್ಟೇ ಚಂದವಾಗಿ ಹೇಳುವುದೂ ಉಂಟು. ಕರ್ಲ್ ಎಂಬ ಹೆಸರಾಂತ ತಂತ್ರಾಂಶವನ್ನು ನಡೆಸುವ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್, ಯಂತ್ರ ಬರೆದ ಪೊಳ್ಳು ದೋಷವರದಿಗಳು ತಮ್ಮ ಸಮಯ ತಿನ್ನುತ್ತಿವೆ ಎಂದು 2024ರಲ್ಲೇ ದೂರಿದ್ದರು. ಬರೀ ವ್ಯಾಕರಣಶುದ್ಧ ಇಂಗ್ಲಿಷ್ ಬರೆಯುವುದಷ್ಟೇ ನಿಮ್ಮ ಬಂಡವಾಳವಾದರೆ ಅದಕ್ಕೆ ಬೆಲೆ ಕಡಿಮೆಯಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಬರೆದದ್ದನ್ನು ಮಾಡಿ ನೋಡಿ, ಸಿಕ್ಕಿಬಿದ್ದು, ಏಕೆ ಸಿಕ್ಕಿಬಿದ್ದೆ ಎಂದು ಹೇಳಬಲ್ಲವರು ಇನ್ನೂ ಬೇಕಾಗಿದ್ದಾರೆ.

ಕೊನೆಗೆ ಹಣದ ವಿಷಯ, ಎಲ್ಲಕ್ಕಿಂತ ಕಷ್ಟದ್ದು. ನನ್ನ ತಂಗಿಯ ಗಂಡನಿಗೆ ಮಗಳ ಈ ಕೆಲಸ ಸ್ವಲ್ಪವೂ ಹಿಡಿಸಲಿಲ್ಲ. "ಅತ್ತಿಗೇ, ನಾನು ಹದಿನಾಲ್ಕು ವರ್ಷಕ್ಕೆ ಊರಿಂದ ಬಂದು ಹೋಟೆಲಿನಲ್ಲಿ ಗ್ಲಾಸು ತೊಳೆದವನು. ಅದಕ್ಕೂ ಸಂಬಳ ಸಿಗುತ್ತಿತ್ತು. ಇವಳು ಬಿ.ಎ. ಮಾಡಿ ಯಾರದೋ ಕೆಲಸ ಫುಕಟ್ ಮಾಡಿಕೊಡುವುದೇ?" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು ಅವರು. ನಮ್ಮ ಮುಂಬಯಿಯ ಎಷ್ಟೋ ಹಿರಿಯರ ಕತೆ ಇದೇ. "ಅಲ್ಲಿ ನಿಮಗೆ ಕಲಿಸಿದ ಮೇಷ್ಟ್ರು ಇಡೀ ದಿನ ಆಫೀಸಿನಲ್ಲಿ ದುಡಿದು ಬಂದು ನಿಂತವರಲ್ಲವೇ?" ಎಂದು ಕೇಳಿದೆ. "ಅವರಿಗೆ ಹಗಲು ಸಂಬಳವಿತ್ತು ಅತ್ತಿಗೆ" ಎಂದರು. ಸರಿಯಾದ ಮಾತು. ಅಲ್ಲಿಗೆ ನಾನೂ ಸುಮ್ಮನಾದೆ.

ಸಂಬಳವಿಲ್ಲದ ದುಡಿಮೆಯ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂವತ್ತು ವರ್ಷ ಮಾಡಿದ್ದೇನೆ. ಗೃಹಿಣಿಯ ದುಡಿಮೆಯ ಗುಣ ಏನೆಂದರೆ ಅದಕ್ಕೆ ದಾಖಲೆ ಇರುವುದಿಲ್ಲ. ಬೆಳಿಗ್ಗೆ ಮಾಡಿದ ಸಾರು ರಾತ್ರಿಗೆ ಖಾಲಿ, ಒರೆಸಿದ ನೆಲ ನಾಳೆ ಮತ್ತೆ ಧೂಳು. ಅರ್ಜಿಯಲ್ಲಿ 'ಅನುಭವ' ಎಂಬ ಜಾಗದಲ್ಲಿ ಬರೆಯಲು ಏನೂ ಇಲ್ಲ. ಮುಕ್ತ ತಂತ್ರಾಂಶದ ಕೆಲಸ ಇದಕ್ಕಿಂತ ಬೇರೆ. ಅಲ್ಲಿ ಒಂದು ಅಲ್ಪವಿರಾಮ ತಿದ್ದಿದರೂ ಯಾರು ತಿದ್ದಿದರು, ಯಾವ ದಿನ, ಏನಿತ್ತು, ಏನಾಯಿತು ಎಂದು ದಾಖಲಾಗುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಮಾದರಿ ತೋರಿಸಿ ಎಂದವರ ಮುಂದೆ ಅದನ್ನು ಇಡಬಹುದು. ಪುಕ್ಕಟೆ ಕೆಲಸವೆಲ್ಲ ಒಂದೇ ಅಲ್ಲ ಎಂದು ನಾನು ಹೇಳುವುದು ಇದಕ್ಕೆ.

ಹಾಗೆಂದು ಮಿತಿಯಿಲ್ಲದೆ ಮಾಡಿ ಎನ್ನುವುದಿಲ್ಲ. ವಾರಕ್ಕೆ ನಾಲ್ಕೈದು ಗಂಟೆ, ಐದಾರು ತಿಂಗಳು, ಅಷ್ಟು ಸಾಕು. ಮನೆಯ ಪರಿಸ್ಥಿತಿ ಬಿಗಿಯಿದ್ದರೆ ಮೊದಲು ಸಂಬಳದ ಕೆಲಸ, ಇದು ಆಮೇಲೆ. ಗೌರವಧನ ಸಿಗುವ ಯೋಜನೆ ಇದ್ದರೆ ಅದನ್ನೇ ಹಿಡಿಯಿರಿ, ನಾಚಿಕೆ ಬೇಡ. ಕೋಟಿಗಟ್ಟಲೆ ಲಾಭದ ಕಂಪನಿ ತನ್ನದೇ ಸರಕಿನ ಕೈಪಿಡಿಯನ್ನು 'ಮುಕ್ತ' ಎಂಬ ಹೆಸರಿನಲ್ಲಿ ನಿಮ್ಮಿಂದ ಬರೆಸಿಕೊಳ್ಳಲು ಬಂದರೆ, "ಎಷ್ಟು ಕೊಡುತ್ತೀರಿ?" ಎಂದು ಬಾಯಿಬಿಟ್ಟು ಕೇಳಿ. ನಮ್ಮ ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಕೇಳಲು ಇನ್ನೂ ನಾಲಿಗೆ ಏಳುವುದಿಲ್ಲ.

ತಂಗಿಯ ಮಗಳ ಕತೆ ಏನಾಯಿತು ಎಂದು ಕೇಳುತ್ತೀರಿ. ಆರು ತಿಂಗಳಲ್ಲಿ ತೋರಿಸಬಹುದಾದ ಎಂಟು ಪುಟಗಳಾದವು. ಅವುಗಳನ್ನು ಹಿಡಿದು ಹೋದ ಮೊದಲ ಎರಡು ಕಡೆ ಕೆಲಸ ಸಿಗಲಿಲ್ಲ. ಮೂರನೆಯ ಕಡೆ, ನವಿ ಮುಂಬಯಿಯಲ್ಲಿ, ಒಂದು ವರ್ಷದ ಗುತ್ತಿಗೆಗೆ ತೆಗೆದುಕೊಂಡರು. ಸಂ‌ಬಳ ಎಂಜಿನಿಯರ್ ಅಣ್ಣಂದಿರಷ್ಟು ಇಲ್ಲ. ಗುತ್ತಿಗೆ ಮುಗಿದ ಮೇಲೆ ಏನೋ ಗೊತ್ತಿಲ್ಲ. ಅವಳಪ್ಪ ಈಗಲೂ "ಫುಕಟ್" ಎಂಬ ಪದ ಬಿಟ್ಟಿಲ್ಲ, ಆದರೆ ಅವಳ ಹೆಸರಿರುವ ಪುಟವನ್ನು ಫೋನಿನಲ್ಲಿ ತೆರೆದು ಸಂಘದ ಗೆಳೆಯರಿಗೆ ತೋರಿಸುತ್ತಾರಂತೆ.

ಕಲ್ಯಾಣದ ಹುಡುಗಿಗೂ ಉಳಿದವರಿಗೂ ನನ್ನದೊಂದು ಕೊಡುಗೆ. ನೀವು ಯಾವುದಾದರೂ ತಂತ್ರಾಂಶದ ಬಗ್ಗೆ ಒಂದು ಪುಟ ಬರೆದು, ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ, ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ನನಗೆ ಎರಡು ಗಂಟೆ ಬಿಡುವಿದೆ, ಮಗ ಬಿಟ್ಟುಹೋದ ಒಂದು ಹಳೆಯ ಲ್ಯಾಪ್‌ಟಾಪೂ ಇದೆ. ನೀವು ಬರೆದದ್ದನ್ನು ಬರೆದ ಹಾಗೆಯೇ ಮಾಡಿ ನೋಡುತ್ತೇನೆ. ನನ್ನ ಬುದ್ಧಿಯನ್ನು ಒಂದಿಷ್ಟೂ ಸೇರಿಸುವುದಿಲ್ಲ. ಎಲ್ಲಿ ಸಿಕ್ಕಿಬಿದ್ದೆ ಎಂದು ಗುರುತು ಹಾಕಿ, ಹದಿನೈದು ದಿನದೊಳಗೆ ಮರಳಿ ಕಳುಹಿಸುತ್ತೇನೆ.